ಹನ್ನೊಂದು ದೇಶಗಳು ಒಪ್ಪಿದ ಮೇಲೆ

ನನ್ನ ಮಗಳು ದುಬೈಗೆ ಬರಬೇಕಾದರೆ ಯುರೋಪಿನ ಹನ್ನೊಂದು ದೇಶಗಳು ಒಪ್ಪಬೇಕಾಗಿತ್ತು. ಹೀಗೆಂದರೆ ಕೇಳಿದವರು ನಗುತ್ತಿದ್ದರು. ಮೊದಲ ಎರಡು ವರ್ಷ ನಾನೂ ನಗಿಸುವುದಕ್ಕೆಂದೇ ಹಾಗೆ ಹೇಳುತ್ತಿದ್ದೆ.

ನಾನು ಕೆಲಸಕ್ಕಿದ್ದದ್ದು ಷೇರು, ಬಾಂಡು ಕೊಂಡು ಮಾರುವ ಒಂದು ಯುರೋಪಿಯನ್ ಕಂಪನಿಯ ದುಬೈ ಶಾಖೆಯಲ್ಲಿ. ಶಾಖೆ ಎನ್ನುವುದು ದೊಡ್ಡ ಮಾತಾಯಿತು. ಎತ್ತರದ ಕಟ್ಟಡದ ಒಂದು ಮೂಲೆ, ಹದಿನಾಲ್ಕು ಮೇಜು, ಹದಿನಾಲ್ಕು ಕುರ್ಚಿ. ಕೂರುವವರು ಮಾತ್ರ ಇಬ್ಬರು: ಬೆಲ್ಜಿಯಂನವರಾದ ನಮ್ಮ ಬಾಸ್ ಮತ್ತು ಅವರ ಸೆಕ್ರೆಟರಿಯಾದ ನಾನು. ಉಳಿದ ಕುರ್ಚಿಗಳ ಪ್ಲಾಸ್ಟಿಕ್ ಕವರನ್ನೂ ಯಾರೂ ಬಿಚ್ಚಿರಲಿಲ್ಲ. ಎರಡು ಸಾವಿರದ ಹತ್ತರ ದಶಕದ ಆರಂಭದಲ್ಲಿ ಯುರೋಪಿನಲ್ಲಿ ಹೊಸ ತೆರಿಗೆಯೊಂದರ ಮಾತು ಎದ್ದಿತ್ತು. ಷೇರು ಕೈ ಬದಲಾದಾಗಲೆಲ್ಲ ನೂರು ರೂಪಾಯಿಗೆ ಹತ್ತು ಪೈಸೆಯ ಲೆಕ್ಕದಲ್ಲಿ ಸರ್ಕಾರಕ್ಕೆ ಕೊಡಬೇಕು. ನಮ್ಮಂಥವರಿಗೆ ಹತ್ತು ಪೈಸೆ ಏನೂ ಅಲ್ಲ. ದಿನಕ್ಕೆ ಸಾವಿರ ಸಲ ಕೊಂಡು ಮಾರುವವರಿಗೆ ಅದೇ ಕೊರಳಿಗೆ ಉರುಳು. ತೆರಿಗೆ ಬಂದರೆ ವ್ಯಾಪಾರವನ್ನೇ ದುಬೈಗೆ ಎತ್ತಿಕೊಂಡು ಬರುವುದೆಂದು ಕಂಪನಿ ಮೊದಲೇ ಜಾಗ ಹಿಡಿದಿಟ್ಟಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಎನ್ನುತ್ತಾರಲ್ಲ, ಆ ಕುಲಾವಿಯನ್ನು ಕಾಯುವುದು ನನ್ನ ಕೆಲಸ.

ನನ್ನ ಗಂಡ ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕ್ ಎಂಬ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿದ್ದರು. ಮಲಗುವುದು ಅಲ್ ಕೂಜ್‌ನ ಕಂಪನಿ ಕ್ಯಾಂಪಿನಲ್ಲಿ, ಒಂದು ಕೋಣೆಗೆ ಆರು ಜನ. ನಾನು ಕರಾಮಾದ ಫ್ಲ್ಯಾಟಿನಲ್ಲಿ ನಾಲ್ಕು ಹೆಂಗಸರ ಜೊತೆ ಬೆಡ್ ಸ್ಪೇಸ್, ಅಂದರೆ ಒಂದು ಮಂಚದಷ್ಟು ಜಾಗ, ಹಿಡಿದಿದ್ದೆ. ಮದುವೆಯಾಗಿದ್ದೂ ಇಬ್ಬರೂ ಬ್ಯಾಚುಲರ್. ಅವರ ವೀಸಾದಲ್ಲಿ ‘ಹೆಲ್ಪರ್’ ಎಂದಿತ್ತು. ಆ ಹುದ್ದೆಗೆ, ಆ ಸಂಬಳಕ್ಕೆ ಮಗುವನ್ನು ಕರೆಸಿಕೊಳ್ಳಲು ಕಾನೂನು ಬಿಡುತ್ತಿರಲಿಲ್ಲ, ನನ್ನ ಸಂಬಳವೂ ಸಾಲುತ್ತಿರಲಿಲ್ಲ. ಎರಡೂವರೆ ವರ್ಷದ ಮಗಳನ್ನು ಉಡುಪಿ ಕಡೆಯ ನಮ್ಮೂರಿನಲ್ಲಿ ನನ್ನ ಅಕ್ಕನ ಕೈಗೆ ಕೊಟ್ಟು ಬಂದಿದ್ದೆ. ಅಕ್ಕ ಮದುವೆಯಾಗಿರಲಿಲ್ಲ, ಹೊಲಿಗೆ ಕೆಲಸ ಮಾಡಿಕೊಂಡಿದ್ದಳು. ಕೆಲಸಕ್ಕೆ ಸೇರಿದ ದಿನವೇ ಬಾಸ್ ನನಗೊಂದು ಮಾತು ಕೊಟ್ಟಿದ್ದರು. ತೆರಿಗೆ ಜಾರಿಯಾಗಿ ಯುರೋಪಿನಿಂದ ಜನ ಬಂದ ದಿನ ನನಗೆ ಆಫೀಸ್ ಮ್ಯಾನೇಜರ್ ಹುದ್ದೆ, ಮನೆ ಬಾಡಿಗೆ, ಮಗುವಿನ ಸ್ಕೂಲ್ ಫೀಸು, ಅಂದರೆ ಸಂಸಾರವನ್ನು ಕರೆಸಿ ಇಟ್ಟುಕೊಳ್ಳಬಹುದಾದ ಪೂರ್ತಿ ಫ್ಯಾಮಿಲಿ ಸ್ಟೇಟಸ್. ‘ಒಂದು ವರ್ಷ, ಹೆಚ್ಚೆಂದರೆ ಒಂದೂವರೆ’ ಎಂದಿದ್ದರು. ಒಳ್ಳೆಯ ಮನುಷ್ಯ, ಸುಳ್ಳು ಹೇಳಿದ್ದಲ್ಲ. ಅವರೂ ನಂಬಿದ್ದರು.

ಹೀಗೆ ನಾನು ಯುರೋಪಿನ ರಾಜಕೀಯ ಕಲಿತೆ. ಬಿ.ಕಾಂ.ನಲ್ಲಿ ಎರಡು ಸಲ ಕೂತು ಪಾಸಾದವಳು! ಪ್ರತಿ ಭಾನುವಾರ ವಾರದ ಕೆಲಸ ಶುರುವಾಗುವಾಗ, ಹಿಂದಿನ ವಾರ ಯಾವ ದೇಶದ ಮಂತ್ರಿ ಏನೆಂದ ಎಂದು ಹುಡುಕಿ ಬಾಸ್‌ಗೆ ಒಂದು ಪುಟದ ಟಿಪ್ಪಣಿ ಬರೆದು ಕೊಡಬೇಕಿತ್ತು. ಯುರೋಪಿಯನ್ ಒಕ್ಕೂಟದ ಎಲ್ಲ ದೇಶಗಳೂ ಒಪ್ಪಲಿಲ್ಲ. ಬ್ರಿಟನ್ ಬಿಲ್ಕುಲ್ ಬೇಡವೆಂದಿತು, ಸಾಲದ್ದಕ್ಕೆ ಕೋರ್ಟಿಗೂ ಹೋಯಿತು. ಸ್ವೀಡನ್, ನಾವು ಹಿಂದೆ ಇಂಥದ್ದನ್ನೇ ಮಾಡಿ ಕೈ ಸುಟ್ಟುಕೊಂಡಿದ್ದೇವೆ ಎಂದಿತು. ಕೊನೆಗೆ ಬೇಕೆನ್ನುವ ಹನ್ನೊಂದು ದೇಶಗಳು ಮಾತ್ರ ಬೇರೆಯಾಗಿ ಮುಂದೆ ಹೋಗುವುದೆಂದಾಯಿತು. ಬೇಕೆನ್ನುವವರಲ್ಲಿಯೂ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಫ್ರಾನ್ಸಿಗೆ ತೆರಿಗೆ ಬೇಕು, ತನ್ನ ಬ್ಯಾಂಕುಗಳ ದೊಡ್ಡ ವ್ಯಾಪಾರವನ್ನು ಮಾತ್ರ ಮುಟ್ಟಬಾರದು. ಇನ್ನೊಂದು ದೇಶಕ್ಕೆ ತನ್ನ ಪಿಂಚಣಿ ನಿಧಿಯನ್ನು ಬಿಡಬೇಕು. ಮತ್ತೊಂದಕ್ಕೆ ಬಂದ ಹಣ ಯಾರ ಬೊಕ್ಕಸಕ್ಕೆ ಎಂಬ ಚಿಂತೆ. ನಮ್ಮ ಇಗರ್ಜಿಯ, ಅಂದರೆ ಚರ್ಚಿನ, ಹಬ್ಬದ ಊಟಕ್ಕೆ ಎಲ್ಲರೂ ಕೈಯೆತ್ತಿ ಒಪ್ಪಿ, ಅಡುಗೆ ಯಾರದು ಎಂಬಲ್ಲಿ ಎದ್ದು ಹೋಗುವುದನ್ನು ಎಷ್ಟು ನೋಡಿಲ್ಲ!

ಗಲ್ಫಿನಲ್ಲಿ ವಾರದ ರಜೆ ಶುಕ್ರವಾರ, ಹಾಗಾಗಿ ನಮಗೆ ಇಗರ್ಜಿಯ ಭಾನುವಾರದ ಪೂಜೆಯೂ ಅವತ್ತೇ. ಆ ಜನಜಂಗುಳಿಯಲ್ಲಿ ನಾನು ಮರಿಯ ಮಾತೆಯ ಮುಂದೆ ಮೇಣದ ಬತ್ತಿ ಹಚ್ಚಿ ಬೇಡುತ್ತಿದ್ದೆ: ಯುರೋಪಿನಲ್ಲಿ ತೆರಿಗೆ ಬರಲಿ ತಾಯೀ. ಅಂಥ ಕೋರಿಕೆಯನ್ನು ಅವಳು ಅದಕ್ಕೆ ಮೊದಲು ಕೇಳಿರಲಾರಳು. ನನಗೆ ಒಳಗೊಳಗೇ ನಾಚಿಕೆಯೂ ಇತ್ತು. ಅಲ್ಲಿ ಚೌಕಗಳಲ್ಲಿ ಬೋರ್ಡು ಹಿಡಿದು ನಿಂತವರು, ಹಣವಂತರ ಜೂಜಿನಿಂದ ಸ್ವಲ್ಪ ತೆಗೆದು ಬಡವರಿಗೆ ಕೊಡಿ ಎನ್ನುತ್ತಿದ್ದರು. ನಾನೂ ತೆರಿಗೆ ಬರಲಿ ಎಂದೇ ಬೇಡುತ್ತಿದ್ದೆ, ಆದರೆ ಅದು ಬಂದ ಕೂಡಲೇ ನಮ್ಮ ಕಂಪನಿ ಅದನ್ನು ತಪ್ಪಿಸಿಕೊಂಡು ಓಡಿ ಬರಲಿ ಎಂದು. ಪಾಪ ನಿವೇದನೆಯಲ್ಲಿ ಇದನ್ನು ಹೇಗೆ ಹೇಳುವುದೆಂದು ತಿಳಿಯದೆ ಹೇಳಲೇ ಇಲ್ಲ.

ಪೂಜೆ ಮುಗಿಸಿ ನಾನೂ ಗಂಡನೂ ಪರೋಟ ತಿಂದು ಪಾರ್ಕಿನ ನೆರಳಲ್ಲಿ ಕೂರುತ್ತಿದ್ದೆವು. ವಾರಕ್ಕೆ ನಮ್ಮ ಸಂಸಾರ ಅಷ್ಟು.

“ಈ ವಾರ ಎಂತಾಯ್ತು ನಿನ್ನ ಮಂತ್ರಿಗಳದ್ದು?” ಎಂದು ಅವರು ಕೇಳುವುದು.

“ಇಟಲಿ ಸ್ವಲ್ಪ ಮೆತ್ತಗಾಗಿದೆ. ಬೆಲ್ಜಿಯಂ ಹಟ ಮಾಡ್ತಾ ಉಂಟು.”

“ಎಂತ ಕರ್ಮ ಮಾರಾಯ್ತಿ! ನಮ್ಮ ಮಗಳು ಬರ್ಲಿಕ್ಕೆ ಬೆಲ್ಜಿಯಂನವ ಒಪ್ಪಬೇಕಾ? ನಿನ್ನ ಬಾಸ್‌ಗೆ ಹೇಳು, ಅವರ ಊರೇ ಅಲ್ವಾ, ಫೋನ್ ಮಾಡ್ಲಿಕ್ಕೆ.”

ಮಗಳ ಜೊತೆ ಮಾತು ಫೋನಿನಲ್ಲಿ. ಅವಳಿಗೆ ನಾಲ್ಕು ತುಂಬಿದಾಗ ‘ಯಾವಾಗ ಮಮ್ಮಿ’ ಎಂದು ಕೇಳಲು ಶುರು ಮಾಡಿದಳು. ಹನ್ನೊಂದು ದೇಶ ಒಪ್ಪಿದ ಮೇಲೆ ಎಂದೆ. ಹೆಸರು ಹೇಳು ಎಂದಳು. ಹೇಳಿದೆ. ಬೇರೆ ಮಕ್ಕಳು ಶಿಶುಗೀತೆ ಕಲಿಯುವಾಗ ಇವಳು ಎಸ್ಟೋನಿಯಾ, ಸ್ಲೊವೇನಿಯಾ, ಸ್ಲೊವಾಕಿಯಾ ಕಲಿತಳು. ‘ಇವತ್ತು ಎಷ್ಟು ಒಪ್ಪಿತು?’ ಎಂದು ಪ್ರತಿ ಸಲ ಕೇಳುತ್ತಿದ್ದಳು. ರಾತ್ರಿ ತೇರ್ಸ, ಅಂದರೆ ಜಪಮಾಲೆಯ ಪ್ರಾರ್ಥನೆ, ಮುಗಿದ ಮೇಲೆ ಅಕ್ಕನ ಜೊತೆ ಕೂತು ಆ ದೇಶಗಳಿಗೂ ಒಂದೊಂದು ನಮೋ ಮರಿಯೆ ಹೇಳಿಸುತ್ತಿದ್ದಳಂತೆ. ಅಕ್ಕ ಫೋನಿನಲ್ಲಿ ಹೇಳುವಾಗ ಅವಳೂ ನಾನೂ ಬಿದ್ದು ಬಿದ್ದು ನಕ್ಕಿದ್ದೆವು.

ತಪ್ಪು ಮಾಡಿದ್ದು ನಾನೇ. ಇದನ್ನು ಬೇರೆಯವರ ತಲೆಗೆ ಕಟ್ಟಲು ಎಷ್ಟೋ ವರ್ಷ ನೋಡಿದೆ, ಆಗಲಿಲ್ಲ.

ಒಂದು ಮೇ ತಿಂಗಳಲ್ಲಿ ಆ ಮಂತ್ರಿಗಳೆಲ್ಲ ಸೇರಿ ಹೇಳಿಕೆ ಕೊಟ್ಟರು. ಮೊದಲಿಗೆ ಷೇರುಗಳ ಮೇಲೆ, ಆಮೇಲೆ ಹಂತ ಹಂತವಾಗಿ ಉಳಿದದ್ದರ ಮೇಲೆ ತೆರಿಗೆ ಹಾಕುತ್ತೇವೆ, ಇಂಥ ಜನವರಿಯ ಒಳಗೆ ಜಾರಿ ಮಾಡುತ್ತೇವೆ ಎಂದು. ಓದಿದವಳೇ ಆ ವಾರದ ಟಿಪ್ಪಣಿಯಲ್ಲಿ ‘ನಿರ್ಧಾರವಾಯಿತು’ ಎಂದು ಬರೆದೆ. ಅಷ್ಟು ಹೊತ್ತಿಗೆ ನಾನು ದುಬೈಯಲ್ಲಿ ಕೆಲವು ವರ್ಷ ಕಳೆದಿದ್ದೆ. ಇಲ್ಲಿ ದೊರೆಗಳ ಕಡೆಯಿಂದ ಮಾತು ಬಂತೆಂದರೆ ಬಂತು. ಬೆಳಿಗ್ಗೆ ಪೇಪರಿನಲ್ಲಿ ಓದಿದ್ದು ಸಂಜೆಗೆ ರಸ್ತೆಯಲ್ಲಿ ಬೋರ್ಡಾಗಿ ನಿಂತಿರುತ್ತದೆ. ಪಾರ್ಕಿಂಗ್ ದುಡ್ಡಾಗಲಿ, ವೀಸಾದ ನಿಯಮವಾಗಲಿ, ‘ಮಾಡುತ್ತೇವೆ’ ಎಂದರೆ ಆಯಿತೆಂದೇ ಅರ್ಥ. ಖಲಾಸ್. ಹತ್ತು ಹನ್ನೊಂದು ಸರ್ಕಾರಗಳು ಕೂಡಿ ಲೋಕದೆದುರು ಒಂದು ಮಾತಾಡಿ, ಅದು ಬರೇ ಮಾತಾಗಿಯೇ ಉಳಿಯಬಹುದೆಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ಊರಿನ ಸರ್ಕಾರವಾಗಿದ್ದರೆ ಸಂಶಯ ಪಡುತ್ತಿದ್ದೆ. ಇದು ಯುರೋಪು! ಬಿಳಿಯರು ಟೈಮಿಗೆ ಸರಿಯಾಗಿ ಮಾಡುತ್ತಾರೆ ಎಂಬ ಭ್ರಮೆ ಬೇರೆ.

ಬಾಸ್ ಆ ವಾರ ರಜೆಯಲ್ಲಿದ್ದರು. ಅವರನ್ನು ಕೇಳುವಷ್ಟು ತಾಳ್ಮೆಯೂ ನನಗಿರಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಮೆಟ್ಟಿಲ ಬಳಿ ನಿಂತು ಅಕ್ಕನಿಗೆ ಫೋನ್ ಮಾಡಿದೆ.

“ಅಕ್ಕ, ಆಯ್ತು. ಒಪ್ಪಿದ್ರು. ಅವಳನ್ನು ಅಲ್ಲಿ ಒಂದನೇ ಕ್ಲಾಸಿಗೆ ಸೇರಿಸ್ಬೇಡ. ಯು.ಕೆ.ಜಿ.ಯ ಟಿ.ಸಿ. ತೆಗ್ದಿಡು. ತೆರಿಗೆಗೆ ಮೊದಲೇ, ಎರಡು ಮೂರು ತಿಂಗಳಲ್ಲಿ ಜನ ಬರ್ತಾರೆ, ನಾನು ಬಂದು ಕರ್ಕೊಂಡು ಹೋಗ್ತೇನೆ.”

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಿದಳು.

“ಕಾಗದ ಕೈಗೆ ಬಂದಿದೆಯಾ? ವೀಸಾ ಬಂದ ಮೇಲೆ ತೆಗ್ದರೆ ಆಗ್ಲಿಕ್ಕಿಲ್ವಾ?” ಎಂದಳು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. “ನಿನಗೆ ಅವಳನ್ನು ಬಿಡ್ಲಿಕ್ಕೆ ಮನಸ್ಸಿಲ್ಲ, ಹಾಗಾಗಿ ಹೇಳ್ತೀ” ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು. ಅಕ್ಕ ಮಾರನೆಯ ದಿನವೇ ಹೋಗಿ ಟಿ.ಸಿ. ತಂದಳು.

ಆಮೇಲಿನದನ್ನೆಲ್ಲ ನನಗೆ ಫೋನಿನಲ್ಲಿ ಸಂತೋಷದಿಂದಲೇ ಹೇಳಿದರು. ಭಾನುವಾರ ಪೂಜೆಯ ಕೊನೆಗೆ ಪಾದ್ರಿಗಳು ಮಗಳನ್ನು ಮುಂದೆ ಕರೆದು ಆಶೀರ್ವದಿಸಿದರಂತೆ. ಅವಳು ತನ್ನ ಅಡುಗೆ ಆಟದ ಪಾತ್ರೆಗಳನ್ನು, ಸಣ್ಣ ಸೈಕಲನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಳಂತೆ. ‘ದುಬೈಯಲ್ಲಿ ಬೇರೆ ತೆಗೀತಾರೆ’ ಎಂದಳಂತೆ. ಜೂನ್ ಬಂತು, ಶಾಲೆ ಶುರುವಾಯಿತು. ಜೊತೆಯವರು ಹೊಸ ಕೊಡೆ ಹಿಡಿದು ಗೇಟಿನ ಮುಂದೆ ಹೋಗುವಾಗ ಇವಳು ಜಗಲಿಯಲ್ಲಿ ಕೂತು, ‘ನಾನು ಬರುವುದಿಲ್ಲ, ನನ್ನ ಶಾಲೆ ದುಬೈಯಲ್ಲಿ’ ಎಂದು ಕೂಗಿ ಹೇಳುತ್ತಿದ್ದಳಂತೆ.

ಜುಲೈ ಹೋಯಿತು, ಆಗಸ್ಟ್ ಹೋಯಿತು. ಯಾರೂ ಬರಲಿಲ್ಲ. ಸೆಪ್ಟೆಂಬರಿನಲ್ಲಿ ಒಂದು ದಿನ ಬಾಸ್ ಅಬುಧಾಬಿಯಲ್ಲಿ ಯಾರನ್ನೋ ಕಾಣಲು ಹೊರಟರು. ಫೈಲು ಹಿಡಿದು ನಾನೂ ಜೊತೆಗೆ ಹೋದೆ. ಕಾರು ಅವರೇ ಓಡಿಸುತ್ತಿದ್ದರು. ಜೆಬೆಲ್ ಅಲಿ ದಾಟಿದ ಮೇಲೆ ಧೈರ್ಯ ಮಾಡಿ ಕೇಳಿದೆ: ಜನ ಯಾವಾಗ ಬರುತ್ತಾರೆ, ಮಗಳಿಗೆ ಸ್ಕೂಲ್ ನೋಡಬೇಕಿತ್ತು.

“ಯಾವ ಜನ?” ಎಂದರು ಅವರು.

ಮೇ ತಿಂಗಳ ಹೇಳಿಕೆಯನ್ನು ನೆನಪಿಸಿದೆ. ಅವರು ನಕ್ಕರು. ಕೆಟ್ಟ ನಗುವಲ್ಲ, ಮನೆಯವರ ಹಳೇ ಚಾಳಿ ಹೇಳುವಾಗ ನಗುವ ಹಾಗೆ. “ಅದು ಚುನಾವಣೆಗೆ ಮುಂಚಿನ ಹೇಳಿಕೆ. ಒಪ್ಪಂದ ಅಲ್ಲ. ನಮಗಿನ್ನೂ ಜಗಳ ಮುಗಿದಿಲ್ಲ ಎಂಬುದನ್ನು ನಮ್ಮ ಕಡೆ ಹಾಗೆ ಹೇಳುತ್ತಾರೆ. ತೆರಿಗೆ ಯಾವುದರ ಮೇಲೆ, ಯಾರು ವಸೂಲಿ ಮಾಡುವುದು, ಒಂದೂ ತೀರ್ಮಾನವಾಗಿಲ್ಲ. ನಿನ್ನ ಟಿಪ್ಪಣಿಯಲ್ಲಿ ‘ನಿರ್ಧಾರವಾಯಿತು’ ಎಂದು ನೋಡಿದೆ. ತಿದ್ದಬೇಕಾಗಿತ್ತು, ಮರೆತೆ.”

ನಾನು ಟಿ.ಸಿ. ತೆಗೆಸಿದ್ದನ್ನು ಹೇಳಿದೆ. ಅವರು ಕಾರನ್ನು ಪೆಟ್ರೋಲ್ ಬಂಕಿಗೆ ತಿರುಗಿಸಿ ನಿಲ್ಲಿಸಿದರು. ಒಳಗೆ ಹೋಗಿ ಎರಡು ಚಹಾ ತಂದರು. “ನನ್ನನ್ನು ಒಂದು ಮಾತು ಕೇಳಬಾರದಿತ್ತೇ?” ಎಂದರು. ಕೇಳಬಹುದಿತ್ತು. ಹೊರಗೆ ಮರಳು, ಬಿಸಿಲು, ಅಬುಧಾಬಿಗೆ ಇನ್ನೆಷ್ಟು ಕಿಲೋಮೀಟರ್ ಎಂಬ ಬೋರ್ಡು. ಆ ಚಹಾ ಕುಡಿದೆನೋ ಬಿಟ್ಟೆನೋ ನೆನಪಿಲ್ಲ. ಸೀಟಿನಲ್ಲಿ ಬಗ್ಗಿ ಕೂತು ಅತ್ತದ್ದು ನೆನಪಿದೆ.

ಅಕ್ಕ ಶಾಲೆಗೆ ಹೋಗಿ ಮುಖ್ಯೋಪಾಧ್ಯಾಯಿನಿ ಸಿಸ್ಟರನ್ನು ಬೇಡಿಕೊಂಡಳು. ಸೀಟು ತುಂಬಿತ್ತು, ಅರ್ಧ ವರ್ಷ ಪಾಠವೂ ಹೋಗಿತ್ತು. ಮುಂದಿನ ಜೂನಿಗೆ ಕರೆತನ್ನಿ ಎಂದರು. ಹಾಗೆ ನನ್ನ ಮಗಳಿಗೆ ಒಂದು ವರ್ಷ ಹೋಯಿತು. ಜೊತೆಯವರು ಎರಡನೆಯ ತರಗತಿಗೆ ಹೋದಾಗ ಅವಳು ಒಂದನೆಯದಕ್ಕೆ, ತನಗಿಂತ ಚಿಕ್ಕವರ ನಡುವೆ ಕೂತಳು. ‘ದುಬೈ, ದುಬೈ’ ಎಂದು ಮಕ್ಕಳು ಕಾಡಿಸುತ್ತಿದ್ದರಂತೆ. ಅದನ್ನು ಅವಳು ನನಗೆ ಹೇಳಲಿಲ್ಲ. ಅಕ್ಕ ಹೇಳಿದಳು, ಅದೂ ನಾನು ಒತ್ತಾಯ ಮಾಡಿದ ಮೇಲೆ. ಅಕ್ಕ ನನ್ನನ್ನು ಒಂದು ದಿನವೂ ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಲ್ಲಿಂದ ಮುಂದೆ ಮಗಳು ಎಷ್ಟು ದೇಶ ಎಂದು ಕೇಳುವುದನ್ನು ಬಿಟ್ಟಳು. ನಾನು ಏನು ಹೇಳಿದರೂ “ಆಯ್ತು ಮಮ್ಮಿ” ಎನ್ನುತ್ತಿದ್ದಳು. ಚೆನ್ನಾಗಿ ಊಟ ಮಾಡು, ಆಯ್ತು ಮಮ್ಮಿ. ಡಿಸೆಂಬರಿನಲ್ಲಿ ಬರ್ತೇನೆ, ಆಯ್ತು ಮಮ್ಮಿ. ವರ್ಷಕ್ಕೊಮ್ಮೆ ರಜೆಗೆ ಹೋದಾಗ ನನ್ನ ಎದುರು ನೆಂಟರ ಎದುರಿನ ಹಾಗೆ ಮಂಡಿ ಕೂಡಿಸಿ ಕೂರುತ್ತಿದ್ದಳು. ತಂದ ಉಡುಪು ಹಾಕಿ ತೋರಿಸುತ್ತಿದ್ದಳು. ಮುತ್ತು ಕೊಡೆಂದರೆ ಕೊಡುತ್ತಿದ್ದಳು. ಹೇಳದೆ ಒಂದು ಸಲವೂ ಹತ್ತಿರ ಬರಲಿಲ್ಲ. ರಾತ್ರಿ ನನ್ನ ಜೊತೆ ಮಲಗಿದವಳು ಬೆಳಿಗ್ಗೆ ಏಳುವಾಗ ಅಕ್ಕನ ಚಾಪೆಯಲ್ಲಿರುತ್ತಿದ್ದಳು.

ಮಂತ್ರಿಗಳು ಕೂಡುವುದು, ಊಟ ಮಾಡುವುದು, ಮುಂದೂಡುವುದು ನಡೆದೇ ಇತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಎಸ್ಟೋನಿಯಾ ಈ ಸಹವಾಸವೇ ಬೇಡವೆಂದು ಎದ್ದು ಹೋಯಿತು. ಹನ್ನೊಂದು ಹತ್ತಾಯಿತು. ಜಾರಿಯಾಗಬೇಕಿದ್ದ ಜನವರಿ ಬಂತು, ಸುಮ್ಮನೆ ಹೋಯಿತು. ಜೂನಿಗೆ ಎಂದರು, ವರ್ಷದ ಕೊನೆಗೆ ಎಂದರು. ಕೊನೆಗೆ ನಮ್ಮ ಕಂಪನಿಗೇ ಸಾಕಾಯಿತು. ಬಾರದ ತೆರಿಗೆಗೆ ಹೆದರಿ ಎಷ್ಟು ವರ್ಷ ಬಾಡಿಗೆ ಕಟ್ಟುವುದು? ಶಾಖೆ ಮುಚ್ಚಿದರು. ಬಾಸ್ ಊರಿಗೆ ಹೊರಟರು. ಹೋಗುವಾಗ ನನ್ನ ಕೈ ಹಿಡಿದು, “ನನ್ನ ದೇಶದ ಪರವಾಗಿ ಕ್ಷಮೆ ಕೇಳಲೇ?” ಎಂದರು. ತಮಾಷೆಗೆ ಹೇಳಿದ್ದು, ಕಣ್ಣಲ್ಲಿ ನೀರಿತ್ತು. ನನಗೆ ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ.

ನನಗೆ ಒಂದು ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಕೆಲಸ ಸಿಕ್ಕಿತು. ಮುಂದಿನ ವರ್ಷ ಗಂಡನನ್ನು ಗೋದಾಮಿನಲ್ಲಿ ಸೂಪರ್‌ವೈಸರ್ ಮಾಡಿದರು, ವೀಸಾದಲ್ಲಿ ಹುದ್ದೆ ಬದಲಾಯಿತು, ಸಂಬಳ ಏರಿತು. ನೋಡಿ, ಯುರೋಪಿನ ಒಪ್ಪಿಗೆಯೇ ಬೇಕಿರಲಿಲ್ಲ. ಅಲ್ ಕುಸೈಸ್‌ನಲ್ಲಿ ಒಂದು ಕೋಣೆಯ ಮನೆ ಹಿಡಿದೆವು. ಮದುವೆಯಾಗಿ ಅಷ್ಟು ವರ್ಷಕ್ಕೆ ನಾವಿಬ್ಬರೂ ಒಂದೇ ಬೀಗದ ಕೈ ಇಟ್ಟುಕೊಂಡದ್ದು ಆಗ. ಮಗಳಿಗೆ ಒಂಬತ್ತು ದಾಟಿತ್ತು. ಏಪ್ರಿಲ್ ರಜೆಯಲ್ಲಿ ವಿಸಿಟ್ ವೀಸಾದಲ್ಲಿ ಅವಳನ್ನೂ ಅಕ್ಕನನ್ನೂ ಕರೆಸಿದೆವು. ತಿಂಗಳು ಮುಗಿದ ಮೇಲೆ ಅಕ್ಕ ಹಿಂದೆ ಹೋಗುವುದು, ಮಗಳ ವೀಸಾ ಇಲ್ಲೇ ಬದಲಾಯಿಸಿ ಉಳಿಸಿಕೊಳ್ಳುವುದು. ಶಾಲೆಯಲ್ಲಿ ಸೀಟಿಗೂ ಹೇಳಿಟ್ಟಿದ್ದೆ. ಮಗಳಿಗೆ ಎಲ್ಲ ಹೇಳಿದೆ. “ಆಯ್ತು ಮಮ್ಮಿ” ಎಂದಳು.

ಆ ತಿಂಗಳು ಅವಳು ಯಾವುದಕ್ಕೂ ಹಟ ಮಾಡಲಿಲ್ಲ. ಮೆಟ್ರೋದಲ್ಲಿ ಕೂತಳು, ಕಾರಂಜಿ ನೋಡಿದಳು, ಅಪ್ಪ ಕೊಡಿಸಿದ ಐಸ್‌ಕ್ರೀಮ್ ತಿಂದಳು. ಕೇಳಿದ್ದಕ್ಕೆ ಉತ್ತರ ಕೊಟ್ಟಳು. ಅಕ್ಕ ಅಡುಗೆ ಮನೆಗೆ ಹೋದರೆ ಅಡುಗೆ ಮನೆಗೆ, ಬಟ್ಟೆ ಒಣಗಿಸಲು ಬಾಲ್ಕನಿಗೆ ಹೋದರೆ ಬಾಲ್ಕನಿಗೆ. ಅಕ್ಕನ ಚೂಡಿದಾರದ ಅಂಚು ಅವಳ ಕೈಯಲ್ಲೇ ಇರುತ್ತಿತ್ತು. ನನ್ನ ಕಣ್ಣಿಗೆ ಬಿದ್ದ ಕೂಡಲೇ ಬಿಡುತ್ತಿದ್ದಳು.

ಅಕ್ಕ ಹೊರಡುವುದಕ್ಕೆ ಎರಡು ದಿನ ಇತ್ತು. ಕ್ಲಿನಿಕ್ಕಿನಿಂದ ಮಧ್ಯಾಹ್ನ ಬೇಗ ಬಂದೆ. ಮಗಳು ನೆಲದಲ್ಲಿ ಕೂತು ಅಕ್ಕನ ಬಟ್ಟೆಗಳನ್ನು ಮಡಚುತ್ತಿದ್ದಳು. ತೋಳು ಒಳಗೆ ಮಾಡಿ, ಅಂಚಿಗೆ ಅಂಚು ಕೂಡಿಸಿ. ಅಕ್ಕ ಗೋಡೆಗೆ ಮುಖ ಮಾಡಿ ಮಲಗಿದ್ದಳು, ನಿದ್ದೆ ಬಂದಿರಲಿಲ್ಲ. ಮಗಳು ತನ್ನಷ್ಟಕ್ಕೆ ಸಣ್ಣ ದನಿಯಲ್ಲಿ ಹೇಳುತ್ತಿದ್ದಳು: “ದೊಡ್ಡಮ್ಮ, ನೀನು ರಾತ್ರಿ ಬಾಗಿಲಿಗೆ ಎರಡೂ ಚಿಲಕ ಹಾಕು. ಬಿಪಿ ಮಾತ್ರೆ ಹಳದಿ ಡಬ್ಬಿಯಲ್ಲಿ ಉಂಟು. ನಾನಿಲ್ಲ ಅಂತ ಊಟ ಬಿಡಬೇಡ, ಆಯ್ತಾ?” ಅಕ್ಕನ ಬೆನ್ನು ಅಲುಗುತ್ತಿತ್ತು.

ಬಾಗಿಲಲ್ಲಿ ಚಪ್ಪಲಿ ಕೂಡ ಬಿಚ್ಚದೆ ನಿಂತಿದ್ದೆ. ಮನೆ, ವೀಸಾ, ಶಾಲೆ, ಎಲ್ಲ ತಯಾರಿತ್ತು. ಅವಳೂ ತಯಾರಿದ್ದಳು, ಹೇಳಿದ್ದಕ್ಕೆಲ್ಲ ಒಪ್ಪುವವಳು. ಏಳು ವರ್ಷ ನಾನು ಎಷ್ಟೋ ದೇಶಗಳನ್ನು ಕೇಳಿದೆ, ಅವಳನ್ನು ಕೇಳಿರಲಿಲ್ಲ. ಆ ಹೊತ್ತಿಗೆ ಕೇಳುವುದಕ್ಕೆ ಏನೂ ಉಳಿದಿರಲಿಲ್ಲ. ಉತ್ತರ ಕಣ್ಣೆದುರೇ ಇತ್ತಲ್ಲ.

ಗಂಡನಿಗೆ ಫೋನ್ ಮಾಡಿ ಕಂಡದ್ದನ್ನೂ ಮನಸ್ಸಿನಲ್ಲಿದ್ದುದನ್ನೂ ಹೇಳಿದೆ. ಹಿಂದೆ ಫೋರ್ಕ್‌ಲಿಫ್ಟಿನ ಸದ್ದು ಕೇಳುತ್ತಿತ್ತು. “ನಿನಗೆ ತಡೀಲಿಕ್ಕೆ ಆಗ್ತದಾ?” ಎಂದರು. ಇಲ್ಲ ಎಂದೆ. “ನನಗೂ ಇಲ್ಲ. ಆದ್ರೂ ಅವಳಿಗೆ ಹೇಳು” ಎಂದರು.

ಒಳಗೆ ಹೋಗಿ ಮಗಳ ಪಕ್ಕದಲ್ಲಿ ನೆಲಕ್ಕೆ ಕೂತೆ.

“ನಿನ್ನ ಬಟ್ಟೆಯನ್ನೂ ಮಡಚು ಮಗಾ. ನೀನು ದೊಡ್ಡಮ್ಮನ ಜೊತೆ ಊರಿಗೆ ಹೋಗು. ಅಲ್ಲೇ ಇರು. ಅಲ್ಲೇ ಶಾಲೆಗೆ ಹೋಗು.”

ಅವಳು ಕೈ ನಿಲ್ಲಿಸಿದಳು. ನನ್ನ ಮುಖ ನೋಡಿದಳು. ಮರುಕ್ಷಣ ಎದ್ದು ಬಂದು ನನ್ನ ಕೊರಳಿಗೆ ಎರಡೂ ಕೈ ಹಾಕಿ, ಉಸಿರು ಕಟ್ಟುವ ಹಾಗೆ ಅಪ್ಪಿಕೊಂಡಳು. ಯಾರೂ ಹೇಳದೆ, ತಾನಾಗಿ. ಅವಳ ಎದೆ ಡವಡವ ಹೊಡೆದುಕೊಳ್ಳುವುದು ನನ್ನ ಎದೆಗೆ ತಾಗುತ್ತಿತ್ತು. ಕೂದಲಿಗೆ ಅಕ್ಕನ ಮನೆಯ ಕೊಬ್ಬರಿ ಎಣ್ಣೆಯ ವಾಸನೆ. ಕೆನ್ನೆಗೆ, ಹಣೆಗೆ, ಕಣ್ಣಿಗೆ ಮುತ್ತು ಕೊಟ್ಟಳು.

“ನಿಜವಾ ಮಮ್ಮಿ? ಮತ್ತೆ ಬದಲಾಗುದಿಲ್ಲ ಅಲ್ವಾ?”

“ಇಲ್ಲ” ಎಂದೆ. ಅವಳಿಗೆ ಕೊಟ್ಟ ಮಾತುಗಳಲ್ಲಿ ನಾನು ಉಳಿಸಿಕೊಂಡದ್ದು ಅದೊಂದೇ.